ನೆಪ್ಚೂನಿನಾಚೆ ಒಂಬತ್ತು ದಿನ

ಸೌರಮಂಡಲದ ಅಂಚಿನ ಒಂದು ಹಿಮದ ಗುಂಡಿನೊಳಗೆ ನಾನು ಒಂಬತ್ತು ದಿನ ವಾಸವಾಗಿದ್ದೆ. ಆ ಗುಂಡು ಇದ್ದದ್ದು ಪುಣೆಯ ಮಗರಪಟ್ಟಾ ದಾಟಿ ಇನ್ನೂ ಅರ್ಧ ತಾಸು ಹೋದರೆ ಸಿಗುವ ಒಂದು ಹಳೆಯ ಕೋಲ್ಡ್ ಸ್ಟೋರೇಜಿನಲ್ಲಿ. ಮೊದಲು ಅಲ್ಲಿ ಆಲೂಗಡ್ಡೆ ಇಡುತ್ತಿದ್ದರಂತೆ. ನಾವು ಹೋದಾಗ ಆಲೂಗಡ್ಡೆ ಇರಲಿಲ್ಲ, ಅದರ ವಾಸನೆ ಮಾತ್ರ ಇತ್ತು.

ನನ್ನನ್ನು ಅಲ್ಲಿಗೆ ಕರೆದೊಯ್ದವಳು ಬಿಬವೇವಾಡಿಯ ನಮ್ಮ ಕಟ್ಟಡದಲ್ಲೇ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದ ತುಮಕೂರಿನ ಹುಡುಗಿ. ಮಗರಪಟ್ಟಾದಲ್ಲಿ ಅವಳ ನೌಕರಿ. ಆದರೆ ಮನಸ್ಸೆಲ್ಲ ನೆಪ್ಚೂನಿನಾಚೆ. ಅಲ್ಲಿ ಸಣ್ಣ ಸಣ್ಣ ಹಿಮದ ಗೋಳಗಳು ಲೆಕ್ಕವಿಲ್ಲದಷ್ಟಿವೆ, ಮುಂದೊಂದು ದಿನ ಮನುಷ್ಯರು ಅವುಗಳ ಹೊಟ್ಟೆ ಕೊರೆದು ಒಳಗೆ ಮನೆ ಮಾಡುತ್ತಾರೆ ಎಂದು ನಂಬಿದ ಒಂದು ಗುಂಪಿಗೆ ಅವಳು ಸೇರಿದ್ದಳು. ಆ ಬಾಳು ಹೇಗಿರುತ್ತದೆ ಎಂದು ನೋಡಲು ಮೂವರನ್ನು ಹದಿನೈದು ದಿನ ಒಳಗೆ ಕೂಡಿಹಾಕುವ ಪ್ರಯೋಗ ಅವರದು. ನಾಯಕಿ ಅವಳೇ. ಇನ್ನೊಬ್ಬರು ಹಲ್ಲಿನ ಡಾಕ್ಟರು, ಮರಾಠಿಯವರು. ಮೂರನೆಯವರು ಸಿಕ್ಕಿರಲಿಲ್ಲ.

"ಆಂಟಿ, ಫಿಫ್ಟಿ ಪ್ಲಸ್ ಇರೋ ಒಬ್ರು ಆರ್ಡಿನರಿ ಪರ್ಸನ್ ಬೇಕು. ಎಲ್ಲೂ ಸಿಗ್ತಿಲ್ಲ. ನಿಮ್ಮನ್ನ ನೋಡಿದ ತಕ್ಷಣ ಪರ್ಫೆಕ್ಟ್ ಅನ್ನಿಸ್ತು" ಎಂದಳು.

ಐವತ್ತಾರು ವರ್ಷದಲ್ಲಿ ನನ್ನನ್ನು ಯಾರೂ ಪರ್ಫೆಕ್ಟ್ ಎಂದಿರಲಿಲ್ಲ. ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ, ಹದಿನೈದು ದಿನ "ಅದೆಲ್ಲದ? ಇದೆಲ್ಲದ?" ಎಂದು ಯಾರೂ ಕೇಳದ ಜಾಗ ಭೂಮಿಯ ಮೇಲೆ ಸಿಗಲಾರದು ಎಂಬುದು ನನಗೆ ಖಾತ್ರಿಯಾಗಿತ್ತು.

ಕೇಳುವವರು ನನ್ನ ಯಜಮಾನರು. ಅವರು ಕೇಳುತ್ತಿದ್ದುದೂ ಅಷ್ಟನ್ನೇ. ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ದುಡಿದವರು. ಒಳಗೆ ನಡೆದದ್ದನ್ನು ಹೊರಗೆ ಆಡಬಾರದು ಎಂಬುದು ಅಲ್ಲಿನ ನಿಯಮ. ನಮ್ಮವರು ಆ ನಿಯಮವನ್ನು ಮನೆಗೂ ತಂದರು. ನಿವೃತ್ತರಾದ ಮೇಲೂ ಬಿಡಲಿಲ್ಲ. ನಾನು ಹಿಮದ ಗೋಳಕ್ಕೆ ಹೋಗುತ್ತೇನೆಂದಾಗ ಪೇಪರಿನಿಂದ ತಲೆ ಎತ್ತಿ, "ಸ್ವೆಟರ್ ತಗೊಂಡ್ ಹೋಗು" ಎಂದರು. ಅಷ್ಟೇ.

ಒಳಗೆ ಹೋದ ಮೇಲೆ ನಾಯಕಿ ನಿಯಮಗಳನ್ನು ಓದಿದಳು. ಸೂರ್ಯ ಇಲ್ಲಿಂದ ಒಂದು ನಕ್ಷತ್ರದ ಹಾಗೆ ಕಾಣುತ್ತಾನೆ. ಬಾಗಿಲಾಚೆ ಗಾಳಿ ಇಲ್ಲ. ಬಾಗಿಲು ತೆರೆದರೆ ಮೂವರೂ ಸತ್ತಂತೆ. ಭೂಮಿಗೆ ದಿನಕ್ಕೊಂದು ಪತ್ರ ಬರೆಯಬಹುದು, ಮನೆಯವರೂ ದಿನಕ್ಕೊಂದು ಬರೆಯಬಹುದು. ಆದರೆ ಬೆಳಕಿಗೇ ಅಷ್ಟು ದೂರ ಬರಲು ಐದೂವರೆ ತಾಸು ಬೇಕಾದ್ದರಿಂದ, ಒಂದು ಕಂಪ್ಯೂಟರ್ ಪ್ರತಿ ಪತ್ರವನ್ನೂ ಐದೂವರೆ ತಾಸು ತಡೆದಿಟ್ಟು ಆಮೇಲೆ ಬಿಡುತ್ತದೆ.

ಗೋಡೆಗಳಿಗೆ ಉದ್ದಕ್ಕೂ ಮಂಜುಗಡ್ಡೆಯ ಹಾಸುಗಳನ್ನು ಒಟ್ಟಿದ್ದರು. ನನ್ನ ಪಾಲಿಗೆ ಬಂದ ಕೆಲಸ, ಟ್ರೇಗಳಲ್ಲಿ ಮೆಂತ್ಯ ಬೆಳೆಯುವುದು ಮತ್ತು ಅಡುಗೆ. ಶತಕೋಟಿಗಟ್ಟಲೆ ಕಿಲೋಮೀಟರ್ ದೂರ ಹೋದರೂ ಹೆಂಗಸಿನ ಕೈಗೆ ಬರುವುದು ಸೌಟೇ ಎಂಬುದು ಪ್ರಯೋಗದ ಮೊದಲ ದಿನವೇ ಸಾಬೀತಾಯಿತು. ಆದರೆ ನಾಯಕಿ ಅದನ್ನು ವರದಿಯಲ್ಲಿ ಬರೆದುಕೊಳ್ಳಲಿಲ್ಲ. ಡಾಕ್ಟರು ದಿನವೂ ನಮ್ಮ ಹಲ್ಲು ನೋಡುತ್ತಿದ್ದರು. ಅವರಿಗೆ ಬೇರೆ ಕೆಲಸವಿರಲಿಲ್ಲ.

ಮೊದಲ ದಿನ ಯಜಮಾನರ ಪತ್ರ ಬಂತು: "ಮುಟ್ಟಿದಿ?"

"ಮುಟ್ಟೇನಿ. ಉಂಡ್ರಿ?" ಎಂದು ಬರೆದೆ. ಅವರು ಉಂಡಿದ್ದಾರೆಂದು ನನಗೆ ತಿಳಿದದ್ದು ಮರುದಿನ.

ಮೂರನೆಯ ದಿನದಿಂದ ಪತ್ರಗಳು ಉದ್ದವಾಗತೊಡಗಿದವು. ಮೊದಲು ಶೇಂಗಾ ಚಟ್ನಿ ಮುಗಿದ ಸುದ್ದಿ. ಆಮೇಲೆ ತಾವೇ ಚಟ್ನಿ ಕುಟ್ಟಿದ್ದು, ಉಪ್ಪು ಹೆಚ್ಚಾದದ್ದು, ಆದರೂ ತಿಂದದ್ದು. ಅವರಿಗೆ ಹೇಳಲು ಇಷ್ಟೊಂದು ಇದೆಯೆಂದು ನನಗೆ ಗೊತ್ತಿರಲಿಲ್ಲ. ಬಹುಶಃ ನಡುವೆ ಬಾಯಿ ಹಾಕಲು ನಾನು ಅಲ್ಲಿರಲಿಲ್ಲ, ಅದಕ್ಕೇ ಇರಬೇಕು. ಆರನೆಯ ದಿನ ಬಂದ ಪತ್ರವನ್ನು ನಾನು ಎರಡು ಸಲ ಓದಿದೆ.

"ಮದುವಿ ಆದ ಮೊದಲ ವರ್ಷ ಪ್ರತಿ ಐತವಾರ ನಾ ಹೊರಗ ಹೋಗ್ತಿದ್ದೆ, ನೆನಪದ ಏನು? ಇಸ್ಪೀಟ್ ಆಡ್ಲಿಕ್ಕೆ ಹೋಗ್ತೀನಿ ಅಂತ ನೀ ತಿಳಕೊಂಡಿದ್ದಿ. ನಾ ಸ್ಟೇಶನ್ನಿಗೆ ಹೋಗ್ತಿದ್ದೆ. ಹುಬ್ಬಳ್ಳಿ ಕಡಿಂದ ಗಾಡಿ ಬರೂ ಹೊತ್ತಿಗೆ ಪ್ಲಾಟ್‌ಫಾರ್ಮಿನ ಮ್ಯಾಲೆ ಕೂಡ್ತಿದ್ದೆ. ಇಳ್ಯಾವ್ರ ಬಾಯಾಗಿನ ಕನ್ನಡ ಕೇಳ್ಲಿಕ್ಕೆ."

ಆ ಐತವಾರಗಳಿಗಾಗಿ ನಾನು ಅವರ ಮೇಲೆ ಎಷ್ಟು ಸಿಟ್ಟಾಗಿದ್ದೆನೋ ನನಗೇ ಗೊತ್ತು. ತಕ್ಷಣ ಬರೆದೆ: "ಕನ್ನಡ ಕೇಳ್ಲಿಕ್ಕೆ ಸ್ಟೇಶನ್ ಯಾಕ ಬೇಕಾಗಿತ್ರಿ? ಮನ್ಯಾಗ ನಾ ಇದ್ನಲ್ಲ, ನಾನೇನು ಮರಾಠಿಯಾಕಿ ಏನು?"

ಇಂಥ ಪ್ರಶ್ನೆ ಎದುರೆದುರು ಕೇಳಿದ್ದರೆ ಅವರು ಎದ್ದು ನೀರು ಕುಡಿಯಲು ಹೋಗುತ್ತಿದ್ದರು. ಇಲ್ಲಿ ಎರಡು ದಿನ ಯೋಚನೆ ಮಾಡಿದರು. ಒಂಬತ್ತನೆಯ ದಿನ ಬೆಳಿಗ್ಗೆ ಎದ್ದಾಗ ಉತ್ತರ ಕಾಯುತ್ತಿತ್ತು.

"ನೀ ಆಗ ನನ್ನ ಜೋಡಿ ಮಾತಾಡ್ತಿದ್ದಿಲ್ಲಲ್ಲ."

ಹೌದು, ಆಡುತ್ತಿರಲಿಲ್ಲ. ಕಾಲೇಜಿನ ಕೊನೆಯ ವರ್ಷದ ಪರೀಕ್ಷೆ ಬಿಡಿಸಿ ನನ್ನ ಮದುವೆ ಮಾಡಿದ್ದರು. ತವರಿನವರ ಮೇಲೆ ತೀರಿಸಲಾಗದ ಸಿಟ್ಟನ್ನು, ಕೈಗೆ ಸಿಕ್ಕವರೆಂದು ಇವರ ಮೇಲೆ ತೀರಿಸಿದ್ದೆ. ಮೆಂತ್ಯದ ಟ್ರೇಯ ಪಕ್ಕ ಕೂತು ಬಹಳ ಹೊತ್ತು ಬರೆದೆ. ಪರೀಕ್ಷೆಯ ವಿಷಯ ಬರೆದೆ. "ಮಾತಾಡೂದು ನನಗೂ ಬೇಕಾಗಿತ್ರಿ. ಮೊದಲ ಯಾರು ಶುರು ಮಾಡಬೇಕು ಅನ್ನೂದ ತಿಳೀಲಿಲ್ಲ. ನೀವು ಛಲೋ ಮನಷ್ಯಾರು ಅಂತ ಮೊದಲನೇ ತಿಂಗಳಿಗೇ ನನಗ ಗೊತ್ತಾಗಿತ್ತು" ಎಂದೂ ಬರೆದೆ. ಎಂಟು ಗಂಟೆಗೆ ಕಳಿಸಿದೆ. ಅದು ಮುಟ್ಟುವುದು ಮಧ್ಯಾಹ್ನ ಒಂದೂವರೆಗೆ. ಆಗ ನಾನು ಬಲು ದೂರದಲ್ಲಿ ಇರುತ್ತೇನೆಂಬ ಧೈರ್ಯದಿಂದಲೇ ಬರೆದದ್ದು.

ಹತ್ತು ಗಂಟೆಯ ಹೊತ್ತಿಗೆ ಗಾಳಿ ತಣ್ಣಗೆ ಮಾಡುವ ಯಂತ್ರ ಕೆಮ್ಮಿ ನಿಂತಿತು. ಹೊರಗೆ ಮೇ ತಿಂಗಳ ಬಿಸಿಲು. ಅರ್ಧ ತಾಸಿನಲ್ಲಿ ನಮ್ಮ ಗೋಳ ಕರಗತೊಡಗಿತು. ನೀರು ನನ್ನ ಪಾದ ತೋಯಿಸಿತು. ನೆಲದ ಮೇಲೆ ಹಾಸಿದ್ದ ವಿದ್ಯುತ್ ತಂತಿಗಳ ಕಡೆಗೆ ಅದು ಹರಿಯುವುದನ್ನು ನಾನು ನೋಡಿದೆ. ಡಾಕ್ಟರು ಸ್ಟೂಲಿನ ಮೇಲೆ ಹತ್ತಿದ್ದರು.

ಹೊರಗಿನಿಂದ ಕಾವಲುಗಾರ ಬಾಗಿಲು ಬಡಿದ. "ಮ್ಯಾಡಮ್, ಪಾಣಿ ಬಾಹೇರ್ ಯೇತಂಯ!" ನೀರು ಹೊರಗೆ ಬರುತ್ತಿದೆ ಎಂದು ಅವನ ಕೂಗು.

"ಯಾರೂ ರಿಪ್ಲೈ ಮಾಡ್ಬೇಡಿ. ಅಲ್ಲಿ ಯಾರೂ ಇಲ್ಲ" ಎಂದಳು ನಾಯಕಿ.

"ಅಂವಾ ಕೂಗಾಕತ್ಯಾನಲ್ಲವಾ?"

"ಆಂಟಿ, ಹೊರಗಡೆ ಗಾಳಿನೇ ಇಲ್ಲ. ಸೌಂಡ್ ಕೇಳ್ಸೋಕೆ ಚಾನ್ಸೇ ಇಲ್ಲ."

ಅವಳ ಕಣ್ಣಲ್ಲಿ ನೀರಿತ್ತು. ಎರಡು ವರ್ಷದಿಂದ ಈ ಹದಿನೈದು ದಿನಕ್ಕಾಗಿ ಅವಳು ಓಡಾಡಿದ್ದಳು. ನನಗೂ ಕೆಟ್ಟದೆನಿಸಿತು. ಆದರೆ ನೀರು ತಂತಿಗೆ ಮುಟ್ಟಲು ಇನ್ನು ಒಂದೇ ಗೇಣು ಇತ್ತು. "ತಂಗೀ, ನಿನ್ನ ಲೆಕ್ಕದಾಗ ಬಾಗಿಲಾ ತಗದ್ರ ಸಾಯ್ತೀವಿ. ತಗೀದಿದ್ರ ಖರೇನ ಸಾಯ್ತೀವಿ" ಎಂದೆ. ಅಗುಳಿ ಎತ್ತಿ ಬಾಗಿಲು ದೂಡಿದೆ. ಕಾವಲುಗಾರ ಓಡಿಹೋಗಿ ಮೇನ್ ಸ್ವಿಚ್ ಇಳಿಸಿದ. ಬಿಸಿಲು ಎಷ್ಟು ಚೆನ್ನಾಗಿತ್ತೆಂದರೆ, ಪುಣೆಯ ಮೇ ತಿಂಗಳ ಬಗ್ಗೆ ನಾನು ಹಿಂದೆ ಆಡಿದ ಮಾತನ್ನೆಲ್ಲ ವಾಪಸು ತೆಗೆದುಕೊಂಡೆ.

ನಾಯಕಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, ನಮ್ಮ ಕಣ್ಣೆದುರೇ ನಮ್ಮ ಸಾವನ್ನು ದಾಖಲಿಸಿದಳು. ಆಮೇಲೆ ರಿಕ್ಷಾ ಹಿಡಿದು ನನ್ನನ್ನು ಮನೆಗೆ ಕಳಿಸಿದಳು.

ಒಂದು ಗಂಟೆಗೆ ಬೆಲ್ ಒತ್ತಿದೆ. ಯಜಮಾನರು ಬಾಗಿಲು ತೆಗೆದು, ಒದ್ದೆಯಾದ ನನ್ನ ಸೀರೆಯ ಅಂಚು ನೋಡಿ, "ಬಂದಿ?" ಎಂದರು. ಮತ್ತೆ ಅದೇ ಹಳೆಯ ಮನುಷ್ಯ. ಕೈಕಾಲು ತೊಳೆದು ಊಟಕ್ಕೆ ಕೂತೆವು. ಅನ್ನಕ್ಕೆ ಸಾರು ಹಾಕುತ್ತಿದ್ದಾಗ ಅವರ ಫೋನು ಸದ್ದು ಮಾಡಿತು. ಗಡಿಯಾರ ನೋಡಿದೆ. ಒಂದೂವರೆ.

"ಅದು ಓದಬ್ಯಾಡ್ರಿ!" ಎಂದೆ.

ಅವರು ಆಗಲೇ ಕನ್ನಡಕ ಹಾಕಿಕೊಂಡಿದ್ದರು. ಕಸಿದುಕೊಳ್ಳಲು ಕೈ ಚಾಚಿದರೆ ಕೈತುಂಬ ಸಾರು. ಅವರು ಒಂದೊಂದೇ ಸಾಲು ತುಟಿ ಆಡಿಸುತ್ತ ಓದಿದರು. ನಾನು ತಾಟು ನೋಡುತ್ತ ಕೂತೆ. ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದವಳಿಗೆ ಆ ಐದು ನಿಮಿಷ ಆದ ನಾಚಿಕೆ ಮದುವೆಯ ದಿನವೂ ಆಗಿರಲಿಲ್ಲ.

ಅವರು ಓದಿ ಮುಗಿಸಿದರು. ಕೈ ತೊಳೆದು ಬಂದು, ನನ್ನೆದುರೇ ಕುರ್ಚಿಯಲ್ಲಿ ಕೂತು, ಒಂದೇ ಬೆರಳಿನಿಂದ ಉತ್ತರ ಬರೆಯತೊಡಗಿದರು. ಅರ್ಧ ತಾಸು ಬರೆದರು.

"ಇಲ್ಲೇ ಇದ್ದೀನಲ್ರಿ, ಬಾಯಿಲೆ ಹೇಳ್ರಿ" ಎಂದೆ.

"ಕಳಿಸ್ಯೇನಿ. ಅಲ್ಲಿ ಬರ್ತದ" ಎಂದರು.

ನಾಲ್ಕು ಗಂಟೆಗೆ ಚಹಾ ಕುಡಿಯುವಾಗ ಮತ್ತೆ ಫೋನು ಸದ್ದು ಮಾಡಿತು. ಅವರು ಓದಿ, ಕನ್ನಡಕ ತೆಗೆದು, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀ ತೀರಿಕೊಂಡೀಯಂತ. ಭಾಳ ವಿಷಾದ ಅಂತ ಬರದಾರ. ಹೆಣ ಹಿಮದಾಗ ಜೋಪಾನ ಇಡ್ತಾರಂತ."

"ಹಿಮ ಎಲ್ಲೈತ್ರಿ, ಎಲ್ಲಾ ಗಟಾರಕ್ಕ ಹೋತು" ಎಂದೆ. ಅವರು ನಕ್ಕರು. ಚಹಾ ನೆತ್ತಿಗೇರಿ ಕೆಮ್ಮುವ ತನಕ ನಕ್ಕರು.

ಮರುದಿನ ಮೇಲಿನ ಮಹಡಿಗೆ ಹೋಗಿ ನಾಯಕಿಯನ್ನು ಕೇಳಿದೆ: ನನ್ನ ಹೆಸರಿಗೆ ಒಂದು ಪತ್ರ ಬಂದಿರಬೇಕಲ್ಲ?

"ಸಾರಿ ಆಂಟಿ. ಡೆತ್ ಆದ್ಮೇಲೆ ಬರೋ ಮೇಲ್ ಎಲ್ಲಾ ತಾನಾಗೇ ಡಿಲೀಟ್ ಆಗತ್ತೆ. ನಾನೇ ಮಾಡಿದ್ದು ಆ ರೂಲ್" ಎಂದಳು. ಅವಳಿಗೆ ನನ್ನ ಮೇಲಿನ ಮುನಿಸು ಇನ್ನೂ ಇಳಿದಿರಲಿಲ್ಲ. ಆದರೂ ಒಳಗೆ ಕರೆದು ಕಾಫಿ ಕೊಟ್ಟಳು.

ಏನು ಬರೆದಿದ್ದಿರಿ ಎಂದು ಯಜಮಾನರನ್ನು ಕೇಳಿದರೆ, "ಏನಿಲ್ಲ, ಮೊಸರು ಮುಗದದ ಅಂತ ಬರದಿದ್ದೆ" ಎಂದರು. ಮೊಸರು ಮುಗಿದದ್ದನ್ನು ಬರೆಯಲು ಅರ್ಧ ತಾಸು ಬೇಕೆ ಎಂದು ನಾನು ಕೇಳಲಿಲ್ಲ.

ಈ ವರ್ಷ ಮತ್ತೊಂದು ಪ್ರಯೋಗ ಮಾಡುತ್ತಾರಂತೆ. ಯಂತ್ರ ಹೊಸದು, ತಂತಿಗಳೆಲ್ಲ ಗೋಡೆಯ ಮೇಲೆ. ಮೊನ್ನೆ ನಾಯಕಿ ಬಂದು, ಆರ್ಡಿನರಿ ಪರ್ಸನ್ ಮತ್ತೆ ಬೇಕಾಗಿದೆ, ಆದರೆ ಆಂಟಿ ಬೇಡ ಎಂದಳು. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಪೇಪರ್ ಮಡಚಿಟ್ಟರು.

"ನಾ ಹೋಗ್ತೀನಿ" ಎಂದರು. "ಇಕಿ ಜೋಡಿ ಸ್ವಲ್ಪ ಮಾತಾಡೂದದ."