ಒಂದು ಬಿಟ್ಟು ಮಿಕ್ಕಿದ್ದೆಲ್ಲ

ನಮ್ಮ ಮಾವನ ಅಂಗಿ ಜೇಬು ಯಾವಾಗಲೂ ಕಡಲೆಕಾಯಿ ಸಿಪ್ಪೆಯಿಂದ ಉಬ್ಬಿಕೊಂಡಿರುತ್ತಿತ್ತು. ಬೀಜ ಬಾಯಿಗೆ, ಸಿಪ್ಪೆ ಜೇಬಿಗೆ. ಒಗೆಯುವವಳು ನಾನು. ಆ ಪುಡಿ ನೆನೆದು ಹೊಲಿಗೆಯ ಸಂದಿಯಲ್ಲೆಲ್ಲ ಕೂತರೆ ಕಲ್ಲಿಗೆ ಎಷ್ಟು ಬಡಿದರೂ ಹೋಗುತ್ತಿರಲಿಲ್ಲ. ಮದುವೆಯಾಗಿ ಅದಿಯಮಾನ್‌ಕೋಟೆಯಿಂದ ಓಮಲೂರಿನ ಪಕ್ಕದ ಈ ಊರಿಗೆ ಬಂದ ಹೊಸತರಲ್ಲಿ, ಕುರಿ ಕಾಯುವವರಿಗೆ ಬಯಲಲ್ಲಿ ಸಿಪ್ಪೆ ಎಸೆಯಲು ಏನು ಕಷ್ಟ ಎಂದು ಮುಖದ ಮೇಲೇ ಕೇಳಿಬಿಟ್ಟೆ. ನನ್ನ ಬಾಯಿ ಆಗಲೂ ಅಷ್ಟೆ, ಈಗಲೂ ಅಷ್ಟೆ. ಮಾವ ಬೇಸರ ಮಾಡಿಕೊಳ್ಳಲಿಲ್ಲ. ಹಡಗಿನಿಂದ ಕಸ ಎಸೆದರೆ ಅದು ನೀರಿನ ಮೇಲೆ ತೇಲಿಕೊಂಡು ಉಳಿಯುತ್ತದೆ, ಅದರ ಜಾಡು ಹಿಡಿದು ಶತ್ರುವಿನ ಸಬ್‌ಮೆರೀನು ಬೆನ್ನು ಹತ್ತುತ್ತದೆ, ಅಲ್ಲಿ ಕಲಿತ ಬುದ್ಧಿ ಇಲ್ಲಿ ಬಿಡಲಾಗುವುದಿಲ್ಲ ಎಂದರು. ಓಮಲೂರಿಗೆ ಯಾವ ಸಬ್‌ಮೆರೀನು ಬರುತ್ತದೆ ಎಂದು ನಾನು ನಕ್ಕೆ. ಅವರೂ ನಕ್ಕರು, ಮತ್ತೆ ಸಿಪ್ಪೆಯನ್ನು ಜೇಬಿಗೇ ಹಾಕಿಕೊಂಡರು.

ಬ್ರಿಟಿಷರ ಕಾಲದ ದೊಡ್ಡ ಯುದ್ಧದಲ್ಲಿ ಅವರು ನೇವಿಯಲ್ಲಿದ್ದರು. ಸೇಲಂಗೆ ಕುರಿ ಮಾರಲು ಹೋದವರು ಆಳು ಸೇರಿಸಿಕೊಳ್ಳುವವರ ಕೈಗೆ ಸಿಕ್ಕಿ, ಮೆಟ್ಟೂರು ಅಣೆಕಟ್ಟಿಗಿಂತ ದೊಡ್ಡ ನೀರು ಕಾಣದವರು ಸಮುದ್ರಕ್ಕೆ ಹೋದರು. ಗೋಧಿ, ಎಣ್ಣೆ, ಮದ್ದುಗುಂಡು ಹೊತ್ತ ಸರಕು ಹಡಗುಗಳು ಗುಂಪಾಗಿ ಹೊರಡುತ್ತಿದ್ದವಂತೆ. ಅವುಗಳ ಕಾವಲಿಗೆ ಹೋಗುವ ಸಣ್ಣ ಯುದ್ಧನೌಕೆಯಲ್ಲಿ ಮಾವನ ಕೆಲಸ. ಫಿರಂಗಿ ಹಾರಿಸುವುದಲ್ಲ. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ನೀರಿನೊಳಗಿನ ಸದ್ದು ಕೇಳುವುದು. ಮೀನಿನ ಹಿಂಡು ಯಾವುದು, ಸಬ್‌ಮೆರೀನು ಯಾವುದು ಎಂದು ಹೇಳುವುದು. ಕಿವಿ ತಪ್ಪಿತೋ, ಸರಕು ಹೊತ್ತ ಹಡಗೊಂದು ಜನಸಮೇತ ಮುಳುಗುತ್ತಿತ್ತು.

ಎಷ್ಟು ಜನರನ್ನು ಕೊಂದೆ ಎಂದು ಊರಲ್ಲಿ ಯಾರಾದರೂ ಕೆಣಕಿದರೆ ಮಾವ ಎದೆ ಸೆಟೆದು ಹೇಳುತ್ತಿದ್ದ ಮಾತು ಒಂದೇ: "ಸಾಯ್ಸಾಕೆ ಓಗಿದ್ದಲ್ಲ ಕಣ್ಲಾ, ಸೇರ್ಸಾಕೆ ಓಗಿದ್ದು. ಒಂದು ಬಿಟ್ಟು ಮಿಕ್ಕಿದ್ದೆಲ್ಲ ದಡ ಸೇರ್ದೋ." ಆ ಒಂದು ಏನಾಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ಬಾಯಿಬಡುಕಿ ನಾನೂ ಕೇಳಲಿಲ್ಲ.

ಅವರ ಮಂದೆ ಓಮಲೂರು ಸಂತೆಗೆ ಯಾವತ್ತೂ ತಡವೇ. ಒಂದು ಕುರಿ ಕುಂಟಿದರೆ ಸಾಕು, ಮಂದೆ ಪೂರ್ತಿ ಅದರ ನಡಿಗೆಗೇ ನಡೆಯಬೇಕು. ಮಿಕ್ಕವರು ವ್ಯಾಪಾರ ಮುಗಿಸಿ ಊಟಕ್ಕೆ ಕೂತಾಗ ಮಾವ ದೂಳು ಎಬ್ಬಿಸಿಕೊಂಡು ಬರುತ್ತಿದ್ದರು. ಕುಂಟು ಕುರಿಯನ್ನು ಹಟ್ಟಿಯಲ್ಲೇ ಬಿಟ್ಟು ಬರಬಾರದೇ ಎಂದರೆ ಕಿವಿಯೇ ಕೇಳದವರ ಹಾಗೆ ಇರುತ್ತಿದ್ದರು. ಅಷ್ಟು ಚೆನ್ನಾಗಿ ಕಿವಿ ಕೇಳುವ ಮನುಷ್ಯ!

ಅಪ್ಪನ ಕಥೆ ಕೇಳಿ ಕೇಳಿ ಸಮುದ್ರದ ಹುಚ್ಚು ಹಿಡಿಸಿಕೊಂಡ ನನ್ನ ಗಂಡ ಸರಕು ಹಡಗಿನ ಇಂಜಿನ್ ರೂಮಿನಲ್ಲಿ ಕೆಲಸಕ್ಕೆ ಸೇರಿದ್ದ. ಎಪ್ಪತ್ತೊಂದರ ಡಿಸೆಂಬರಿನಲ್ಲಿ ಯುದ್ಧ ಶುರುವಾದಾಗ ಅವನ ಹಡಗು ಗೋಧಿ ತುಂಬಿಕೊಂಡು ಬೊಂಬಾಯಿಗೆ ಬರುತ್ತಿತ್ತು. ಇಂಜಿನ್ನು ಹಳೆಯದು, ಜೊತೆಯ ಹಡಗುಗಳ ವೇಗಕ್ಕೆ ಸಾಲದು ಎಂದು ಕೊನೆಯ ಕಾಗದದಲ್ಲಿ ಬರೆದಿದ್ದ. ಆಮೇಲೆ ಸುದ್ದಿಯೇ ಇಲ್ಲ. ನಮ್ಮ ಯುದ್ಧನೌಕೆಯೊಂದನ್ನು ಸಬ್‌ಮೆರೀನು ಮುಳುಗಿಸಿತು ಎಂದು ಓಮಲೂರು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯ ರೇಡಿಯೋ ಹೇಳಿದ ದಿನ ನೆಂಟರೆಲ್ಲ ಮನೆಗೆ ಬಂದರು. "ಒಣ್ಣುಂ ಆಗಾದು" ಎಂದು ತಮಿಳಿನಲ್ಲೂ, ಏನೂ ಆಗಾಕಿಲ್ಲ ಎಂದು ಕನ್ನಡದಲ್ಲೂ ಸಮಾಧಾನ ಹೇಳಿ ಹೋದರು. ನಾನು ಆರು ತಿಂಗಳ ಬಸುರಿ.

ಎಲ್ಲರೂ ಹೋದ ಮೇಲೆ ಮಾವನ ಮುಂದೆ ಕೂತು ಕೇಳಿದೆ. "ಆ ಕೆಲ್ಸ ಕಂಡೋರು ನೀವೊಬ್ರೇ ಮಾವ. ನಿಜ ಯೋಳಿ. ಇಂದಕ್ಕೆ ಬಿದ್ದ ಹಡಗ್ನ ಕಾಯ್ತಾರಾ?"

"ನಾವು ಕಾಯ್ಲಿಲ್ಲವ್ವ," ಎಂದರು.

ಆ ಒಂದು ಹಡಗಿನ ವಿಷಯ ಅವತ್ತು ಗೊತ್ತಾಯಿತು. ನಡುನೀರಿನಲ್ಲಿ ಅದರ ಇಂಜಿನ್ನು ಕೈಕೊಟ್ಟಿತಂತೆ. ಒಂದಕ್ಕಾಗಿ ಕಾವಲು ನಿಂತರೆ ಮಿಕ್ಕವುಗಳಿಗೆ ದಿಕ್ಕಿಲ್ಲ, ಅದಕ್ಕೇ ಮುಂದೆ ಹೋಗಬೇಕೆಂದು ಆಜ್ಞೆ. ಮಾವ ಯಂತ್ರದಲ್ಲಿ ಅದರ ಸದ್ದು ಕೇಳುತ್ತಲೇ ಇದ್ದರು, ತಡೆದು ತಡೆದು ತಿರುಗುವ ಸದ್ದು. "ಇನ್ನೂ ಕೇಳ್ತೈತಾ ಅಂತ ಆಫೀಸರು ಕೇಳ್ದ. ಕೇಳ್ತೈತೆ ಅಂದೆ. ಇನ್ನೊಂದ್ಸಲ ಕೇಳ್ದ. ಇಲ್ಲ ಅಂದೆ. ಆಮ್ಯಾಕೆ ಅವ್ನೂ ಕೇಳ್ಲಿಲ್ಲ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬಸುರಿಯ ಮುಂದೆ ಆಡುವ ಮಾತೇ ಇದು? ಮೂರು ದಿನ ಮಾತು ಬಿಟ್ಟೆ. ಅವರು ದಿನಾ ಓಮಲೂರಿಗೆ ನಡೆದು ಹೋಗಿ ರೇಡಿಯೋ ಕೇಳಿ ಬಂದು, ಇದ್ದದ್ದನ್ನು ಇದ್ದ ಹಾಗೇ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು. ಸುದ್ದಿ ಇಲ್ಲದ ದಿನ ಇಲ್ಲ ಎನ್ನುತ್ತಿದ್ದರು. ಊರೆಲ್ಲ ಬೆಣ್ಣೆಯಂಥ ಮಾತಾಡುತ್ತಿದ್ದಾಗ ನಂಬಲು ಅವರ ಮಾತೊಂದೇ ಇದೆ ಎಂದು ನಾಲ್ಕನೆಯ ದಿನ ನನಗೆ ಗೊತ್ತಾಯಿತು. ಮುದ್ದೆ ಬಡಿಸಿ ಪಕ್ಕದಲ್ಲೇ ಕೂತೆ.

ಯುದ್ಧ ಮುಗಿದು ಒಂದು ವಾರಕ್ಕೆ ನನ್ನ ಗಂಡ ಟ್ರಂಕು ಹೊತ್ತುಕೊಂಡು ಬಾಗಿಲಲ್ಲಿ ನಿಂತ. ನಾನು ಅತ್ತೆ, ಬೈದೆ, ಮತ್ತೆ ಅತ್ತೆ. ಅವನ ಹಡಗಿನ ಇಂಜಿನ್ನು ಕೆಟ್ಟೇ ಕೆಟ್ಟಿತಂತೆ. ಜೊತೆಯ ಹಡಗುಗಳು ಮುಂದೆ ಹೋದವು. ಆದರೆ ನೇವಿಯ ಒಂದು ಚಿಕ್ಕ ಹಡಗು ತಿರುಗಿ ಬಂದು, ರಿಪೇರಿ ಆಗುವವರೆಗೆ ಎರಡು ದಿನ ಇವರ ಹಡಗಿನ ಸುತ್ತಲೇ ಸುತ್ತುತ್ತಿತ್ತಂತೆ.

ಮಾವ ಎದ್ದು ನಿಂತರು. ಎರಡು ದಿನವಾ ಎಂದು ಎರಡು ಸಲ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಆ ಹಡಗಿನಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತಿದ್ದವನಿಗೆ ಒಂದು ಕಾಗದ ಬರೆ ಎಂದರು. ತಮಿಳು ಶಾಲೆಯಲ್ಲಿ ಓದಿದ ನನಗೆ ಆಗ ಕನ್ನಡ ಅಕ್ಷರ ಬರುತ್ತಿರಲಿಲ್ಲ. ನಮ್ಮ ಮಾತನ್ನೇ ತಮಿಳು ಅಕ್ಷರದಲ್ಲಿ ಬರೆದುಕೊಳ್ಳುತ್ತಾ ಹೋದೆ. ಓಮಲೂರಿನ ಒಬ್ಬ ಮೇಷ್ಟ್ರು ಆಮೇಲೆ ಅದನ್ನು ಇಂಗ್ಲಿಷಿಗೆ ಮಾಡಿಕೊಟ್ಟರು.

"ನಾನೂ ನಿನ್ ಕೆಲ್ಸ ಮಾಡ್ದೋನೆ. ನಾನು ಒಂದ ಬಿಟ್ಟು ಬಂದೆ. ನೀನು ನನ್ ಮಗನ್ನ ಬಿಡ್ಲಿಲ್ಲ. ನೀನು ನನ್ಗಿಂತ ದೊಡ್ಡೋನು."

ಗಂಡ ನಡುವೆ ಬಾಯಿ ಹಾಕಿದ. ಬಿಟ್ಟದ್ದು ಯಾಕಪ್ಪ, ದಡ ಸೇರಿಸಿದ್ದು ಬರೆಸು, ಹೆಮ್ಮೆಯ ಮಾತು ಅದಲ್ಲವೇ ಎಂದ.

"ಅದ ಊರ್ಗೆಲ್ಲ ಯೋಳಿವ್ನಿ," ಎಂದರು ಮಾವ. "ಇದು ಆ ಕೆಲ್ಸ ಗೊತ್ತಿರೋನ್ಗೆ ಯೋಳ್ಬೇಕು. ನೀ ಬರಿಯವ್ವ."

ಉತ್ತರ ಬರಲಿಲ್ಲ. ಅವರು ಕಾಯಲೂ ಇಲ್ಲ. ನನ್ನ ಮಗಳಿಗೆ ಐದು ತುಂಬಿದ ವರ್ಷ, ಎರಡು ದಿನದ ಜ್ವರದಲ್ಲಿ ಮಾವ ತೀರಿಕೊಂಡರು. ಹಡಗುಗಳನ್ನು ದಡ ಸೇರಿಸಿದ ಮನುಷ್ಯ ಎಂದು ಊರು ಅವರನ್ನು ಹೊಗಳಿತು. ಹೊಗಳಲಿ, ನಿಜವೇ ಅದು. ಆದರೆ ಕಂಡು ಕೇಳದ ಹುಡುಗನೊಬ್ಬನ ಮುಂದೆ ತಲೆ ಬಾಗಿಸಿ, ಸೇರಿಸಲಾಗದ ಒಂದನ್ನು ಒಪ್ಪಿಕೊಂಡ ಮನುಷ್ಯನ ಸೊಸೆ ನಾನು. ಆ ಕಾಗದ ಬರೆದದ್ದು ನನ್ನ ಕೈ.