ಸೋತ ಮೇಲೂ ನಿಲ್ಲದ ಮೈಕು

ಗುಬ್ಬಿಯ ಚರ್ಚಿನ ನಿವೃತ್ತ ಸಭಾಪಾಲಕ ಉದಯಕುಮಾರ್ ಅಯ್ಯನವರಿಗೆ, ವಿಧಾನಸಭೆಯೂ ಒಂದು ಸಭೆಯೇ ತಾನೆ ಎಂಬ ಆಸೆ ಹುಟ್ಟಿಸಿದವಳು ಮನೆಗೆ ತರಕಾರಿ ತರುತ್ತಿದ್ದ ಕಲ್ಲಮ್ಮ.

"ಕುಡಿತ ಬುಡಿಸ್ತೀನಿ ಅಂತ ಎಲೆಕ್ಷನ್‌ಗೆ ನಿಂತ್ಕಳಿ ಅಯ್ನೋರೆ. ನಮ್ಮೆಜಮಾನ್ರು ಆಟೋ ಓಡಿಸ್ತಾರೆ."

ಜೀವಮಾನವಿಡೀ ಭಾನುವಾರದ ತೂಕಡಿಕೆಗಳಿಗೆ ಬೋಧಿಸಿದ್ದ ಅಯ್ಯನವರಿಗೆ ನಾಡೇ ಕರೆದಂತಾಯಿತು. ಕರೆದದ್ದು ಕಲ್ಲಮ್ಮ ಒಬ್ಬಳೇ ಎಂಬುದು ಹೊಳೆಯಲಿಲ್ಲ. ನಿಮ್ಮ ಪ್ರಸಂಗಕ್ಕೆ ನಾನೇ ಕೂರಲಾರೆ, ಊರು ಕೂರುತ್ತದೆಯೇ ಎಂದು ಹೆಂಡತಿ ಪ್ರೇಮಲತಾ ಕೇಳಿದ್ದು ಕಿವಿಗೆ ಬೀಳಲಿಲ್ಲ.

ಕಲ್ಲಮ್ಮನ ಗಂಡ ರಂಗಯ್ಯ ಊರಿಗೇ ಗೊತ್ತಿದ್ದ ಕುಡುಕ. ಆಟೋಗೆ ಮೈಕು ಕಟ್ಟಿ ಹಗಲೆಲ್ಲ "ಕುಡಿತ ಬಿಡಿ" ಎಂದು ಕೂಗಿದವನು ಸಂಜೆ ಯಾವ ಮುಖ ಹೊತ್ತು ಬಾರಿಗೆ ಹೋದಾನು? ಪಾರ್ಟಿ ಬದಲಾಯಿಸಿದ್ಯೇನ್ಲಾ ಎಂದು ಹಳೇ ಗೆಳೆಯರು ಕಿಚಾಯಿಸುತ್ತಿದ್ದರು. ಆ ನಾಚಿಕೆಯೇ ಅವನನ್ನು ಮನೆ ಮುಟ್ಟಿಸುತ್ತಿತ್ತು.

ಅಯ್ಯನವರಿಗೆ ಭಾಷಣದ ಕೊನೆಗೆ ಕಣ್ಣು ಮುಚ್ಚಿ ಪ್ರಾರ್ಥಿಸುವ ಚಾಳಿ ಬಿಡಲಿಲ್ಲ. ಸಂತೆಯಲ್ಲಿ ಒಮ್ಮೆ ಕಣ್ಣು ತೆರೆದಾಗ ಎದುರಿಗಿದ್ದದ್ದು ಒಂದು ಹಸು, ಮತ್ತು ಇನ್ನೂ ಕಣ್ಣು ಮುಚ್ಚಿಕೊಂಡಿದ್ದ ರಂಗಯ್ಯ. ಹಸುವಿಗೆ ಓಟಿರಲಿಲ್ಲ.

ತುಮಕೂರಿನಲ್ಲಿ ಎಣಿಕೆ ಮುಗಿದಾಗ, ಯಾರೂ ಬೇಡ ಎನ್ನುವ ನೋಟಾ ಕೂಡ ಅವರಿಗಿಂತ ಎಷ್ಟೋ ಮುಂದಿತ್ತು. ಕುಡಿದವರು ಬೀಳುತ್ತಾರೆಂದು ಊರೆಲ್ಲ ಸಾರಿದ್ದ ಅಯ್ಯನವರು, ಕುಡಿಯದೆಯೂ ಇಷ್ಟು ಜೋರಾಗಿ ಬೀಳಬಹುದೆಂದು ಅಂದು ಕಂಡುಕೊಂಡರು. ವಾಪಸಾಗುವಾಗ ಆಟೋದ ಹಿಂದಿನ ಸೀಟಿನಲ್ಲಿ ಕೂತು, ಜನ ತಮ್ಮನ್ನು ಅರಿಯಲಿಲ್ಲವಲ್ಲ ಎಂದು ತಮಗೆ ತಾವೇ ಒಂದು ಚರಮಭಾಷಣ ಹೊಸೆಯುತ್ತಿದ್ದರು.

ಗುಬ್ಬಿಯ ಬಾರ್ ಎದುರು ಆಟೋ ನಿಂತಿತು. ರಂಗಯ್ಯ ಇಳಿದು ಮೈಕಿನ ವೈರು ಬಿಚ್ಚತೊಡಗಿದ. "ಇನ್ಯಾಕಿದು, ಬುಡಿ ಅಯ್ನೋರೆ." ಅವನ ಕೈ ವೈರಿನ ಮೇಲಿತ್ತು, ಕಣ್ಣು ಬಾರಿನ ಬಾಗಿಲ ಮೇಲೆ.

ಕಲ್ಲಮ್ಮ ತಮ್ಮನ್ನು ಚುನಾವಣೆಗೆ ಯಾಕೆ ನಿಲ್ಲಿಸಿದ್ದಳೆಂದು ಅಯ್ಯನವರಿಗೆ ಆಗ ತಿಳಿಯಿತು. ನಾಡನ್ನು ತಿದ್ದಲು ಹೊರಟವರು ಮೇಯದಂತೆ ಎತ್ತಿಗೆ ಕಟ್ಟುವ ಹಾಗೆ ಒಬ್ಬನ ಬಾಯಿಗೆ ಕಟ್ಟಿದ ಬುಟ್ಟಿಯಾಗಿದ್ದರು, ಅಷ್ಟೇ. ಅರ್ಧ ಹೊಸೆದ ಭಾಷಣ ಅಲ್ಲೇ ಉದುರಿತು.

"ಬಿಚ್ಬೇಡ ರಂಗಯ್ಯ. ಓಟು ಹಾಕ್ದೋರಿಗೆ ಥ್ಯಾಂಕ್ಸ್ ಹೇಳ್ಬೇಕಲ್ಲ."

"ಅವ್ರು ಯಾರು ಅಂತ ನಿಮಗೆ ಗೊತ್ತಾ?"

"ಗೊತ್ತಿಲ್ಲ. ಅದಕ್ಕೇ ಮನೆಮನೆಗೂ ಹೋಗ್ಬೇಕು."

ರಂಗಯ್ಯ ಬಾರಿನ ಬಾಗಿಲಿಗೆ ಬೆನ್ನು ಹಾಕಿ, ಮೈಕಿಗೆ ವೈರು ಮತ್ತೆ ಸುತ್ತಿದ.

ಆ ಧನ್ಯವಾದ ಇನ್ನೂ ಮುಗಿದಿಲ್ಲ. ಗುಬ್ಬಿಯ ಮನೆಗಳೆಲ್ಲ ಆಗಿ, ಆಟೋ ಈಗ ಕುಣಿಗಲ್ಲಿನಲ್ಲಿ ಮತದಾರರಿಗೆ ಕೈಮುಗಿಯುತ್ತಾ ತಿರುಗುತ್ತಿದೆ. ಅಯ್ಯನವರು ಅಲ್ಲಿ ಚುನಾವಣೆಗೆ ನಿಂತೇ ಇರಲಿಲ್ಲ.