ಫಜಲುಲ್ಲಾನ ಮನೆಯ ಉರಿಯುವ ನೀರು

ದಾವಣಗೆರೆಯ ನಿಟ್ಟುವಳ್ಳಿಯ ಅಂಚಿನಲ್ಲಿ ಹಿಂದೆ ಒಂದು ಹೊಂಡವಿತ್ತು. ಅದಕ್ಕೆ ವರ್ಷಗಟ್ಟಲೆ ಕಸ, ಮಣ್ಣು ತುಂಬಿ, ಮೇಲೆ ಸೈಟು ಮಾಡಿ ಮಾರಿದರು. ಅಲ್ಲೇ ಒಂದು ಸಣ್ಣ ಮನೆ ಕಟ್ಟಿಕೊಂಡವನು ಫಜಲುಲ್ಲಾ. ಪಂಪ್‌ಸೆಟ್ ಮೋಟಾರು ರಿಪೇರಿ ಅವನ ಕಸುಬು. ಲೋಕಿಕೆರೆ ಕಡೆಯ ರೈತರು ಮೋಟಾರು ಸುಟ್ಟರೆ ಈಗಲೂ ಅವನಿಗೇ ಫೋನು ಮಾಡುತ್ತಾರೆ.

ಹೆಂಡತಿ ಜೈನಾಬಿ ತೀರಿಕೊಂಡ ಮೇಲೆ ಮನೆಯಲ್ಲಿ ಅವನೊಬ್ಬನೇ. ಮಗಳು ಫಿರ್ದೌಸ್‌ಳನ್ನು ಹರಿಹರಕ್ಕೆ ಕೊಟ್ಟಿತ್ತು. ಅಳಿಯ ಇಜಾಜ್‌ನದು ಸೋಫಾ ಹೊಲಿಯುವ ಅಂಗಡಿ. ದಾವಣಗೆರೆಯಿಂದ ಹರಿಹರಕ್ಕೆ ಬಸ್ಸು ಹತ್ತಿ ಕೂತು ಒಂದು ಕಣ್ಣು ಮುಚ್ಚುವಷ್ಟರಲ್ಲಿ ಊರು ಬರುತ್ತದೆ. ಆದರೂ ಮಗಳು ಬರುತ್ತಿದ್ದುದು ಹಬ್ಬಕ್ಕೊಮ್ಮೆ, ಅದೂ ನಿಂತ ಕಾಲಲ್ಲಿ. ಜಗಳವೇನೂ ಇರಲಿಲ್ಲ. ಅಂಗಡಿಯ ಕೆಲಸ, ಅತ್ತೆಯ ಮಂಡಿನೋವು, ಯಾರಿಗೂ ಪುರುಸೊತ್ತಿಲ್ಲ. ಫಜಲುಲ್ಲಾ ಫೋನು ಮಾಡಿದರೆ ಅವಳು ಚೆನ್ನಾಗಿಯೇ ಮಾತಾಡುತ್ತಿದ್ದಳು. ಮಾತು ಮುಗಿದ ಮೇಲೂ ಅವನು ಫೋನನ್ನು ಸ್ವಲ್ಪ ಹೊತ್ತು ಕಿವಿಗೆ ಹಿಡಿದುಕೊಂಡೇ ಇರುತ್ತಿದ್ದ.

ಓಣಿಯಲ್ಲಿ ಬೋರ್ ಇದ್ದದ್ದು ಅವನಿಗೊಬ್ಬನಿಗೇ. ಹೆಚ್ಚು ಆಳವಿಲ್ಲದ ಬೋರ್. ಮೋಟಾರು ಹಾಕಿದರೆ ನೀರು ಮೇಲಿನ ಟ್ಯಾಂಕಿಗೂ ಹೋಗುವಂತೆ, ನೇರವಾಗಿ ಬಚ್ಚಲಿನ ನಲ್ಲಿಗೂ ಬರುವಂತೆ ಅವನೇ ಪೈಪು ಎಳೆದಿದ್ದ. ಒಂದು ವರ್ಷ ನಲ್ಲಿ ಬಿಟ್ಟರೆ ನೀರು ಬುಸ್ಸೆಂದು ಕೆಮ್ಮಿ ಕೆಮ್ಮಿ ಬರತೊಡಗಿತು. ಬಕೆಟ್ಟಿಗೆ ಬಿದ್ದ ನೀರು ಹಾಲಿನ ಹಾಗೆ ಬೆಳ್ಳಗೆ ಕಂಡು, ನಿಧಾನವಾಗಿ ತಿಳಿಯಾಗುತ್ತಿತ್ತು. ಪೈಪಿನಲ್ಲಿ ಗಾಳಿ ಸೇರಿದೆ ಎಂದುಕೊಂಡು ಸುಮ್ಮನಾದ.

ಒಂದು ಸಂಜೆ ಮುಖ ತೊಳೆಯುವಾಗ ಬಚ್ಚಲಿನ ಬಲ್ಬು ಸುಟ್ಟಿತು. ಮೇಣದಬತ್ತಿ ತಂದು ನಲ್ಲಿಯ ಪಕ್ಕದ ಗೂಡಿನಲ್ಲಿಟ್ಟು ನೀರು ಬಿಟ್ಟ. ನಲ್ಲಿಯ ಬಾಯಿಗೆ ತೆಳ್ಳನೆಯ ನೀಲಿ ಉರಿ ಹತ್ತಿಕೊಂಡಿತು. ಕೆಳಗೆ ನೀರು ಸುರಿಯುತ್ತಿದೆ, ಮೇಲೆ ಬೆಂಕಿ ಉರಿಯುತ್ತಿದೆ. ನಲ್ಲಿ ನಿಲ್ಲಿಸಿ ಗೋಡೆಗೆ ಒರಗಿ ನಿಂತ. ಯಾರಿಗಾದರೂ ಹೇಳಬೇಕೆನ್ನಿಸಿತು. ಮನೆಯಲ್ಲಿ ಯಾರೂ ಇರಲಿಲ್ಲ. ಆಚೆ ಹೋಗಿ ಪಕ್ಕದ ಮನೆಯ ಕೊಟ್ರವ್ವನನ್ನು ಕರೆದು ತೋರಿಸಿದ.

ಕೊಟ್ರವ್ವ ಕೈ ಮುಗಿದಳು. ಅವಳ ಮೊಮ್ಮಗಳು ಫೋನಿನಲ್ಲಿ ಅದನ್ನು ಹಿಡಿದು ಎಲ್ಲರಿಗೂ ಕಳಿಸಿದಳು. ಮರುದಿನದಿಂದ ಜನ ಬರತೊಡಗಿದರು. ಕೆಲವರು ಗಂಗಮ್ಮನಿಗೆ ಸಿಟ್ಟು ಬಂದಿದೆ ಎಂದರು, ಕೆಲವರು ಕೆಳಗೆ ಪೆಟ್ರೋಲ್ ಇದೆ, ಫಜಲಣ್ಣನ ನಸೀಬು ಖುಲಾಯಿಸಿತು ಎಂದರು. ಅವನು ಪಡಸಾಲೆಯಲ್ಲಿ ಕುರ್ಚಿ ಹಾಕಿ, ಚಹಾ ಮಾಡಿ ಕೊಟ್ಟ. ಬಂದವರು ಊರು, ಮಕ್ಕಳು, ಕಸುಬು ಎಂದು ಮಾತಿಗೆ ಕೂತರು. ಸಂಜೆ ಕಪ್ಪುಗಳನ್ನು ತೊಳೆದು ಬೋರಲು ಹಾಕುವಾಗ ಅವನಿಗೆ ಜೈನಾಬಿ ಇದ್ದ ದಿನಗಳ ಹಾಗೆ ಅನ್ನಿಸುತ್ತಿತ್ತು.

ಹಾಗೆ ನೋಡಲು ಬಂದವರಲ್ಲಿ ಸ್ವಾತಿ ಒಬ್ಬಳು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು. ಅವಳು ಉರಿಯನ್ನು ನೋಡಿದವಳೇ ಮೊದಲು ಬಚ್ಚಲಿನ ಕಿಟಕಿ ತೆರೆಸಿದಳು. ಆಮೇಲೆ ಅವನನ್ನು ಹೊರಗೆ ಕೂರಿಸಿ ಹೇಳಿದಳು.

“ನೀರು ಉರಿಯೋದಿಲ್ರಿ. ಅದು ಆಗ್ಲೇ ಉರಿದು ಮುಗಿದಿರೋ ವಸ್ತು. ಜಲಜನಕ ಅಂತ ಒಂದು ಅನಿಲ ಐತೆ, ಅದು ಗಾಳಿಯಾಗಿನ ಆಮ್ಲಜನಕದ ಜೊತಿ ಸೇರಿ ಉರಿದ್ರೆ ಉಳಿಯೋದೇ ನೀರು. ಒಲಿ ಬೂದಿಗೆ ಮತ್ತೆ ಬೆಂಕಿ ಹತ್ತುತ್ತೇನ್ರಿ?”

ಹಾಗಾದರೆ ಉರಿಯುತ್ತಿರುವುದು ಏನು ಎಂದು ಅವನು ಕೇಳಿದ. ಹೂತುಹೋದ ಹೊಂಡದ ಕೆಸರು ಎಂದಳು ಸ್ವಾತಿ. ಜೊಂಡು, ಎಲೆ, ಕಸ ಎಲ್ಲ ಗಾಳಿ ತಾಕದ ಕಡೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ಸಗಣಿ ಗ್ಯಾಸಿನಲ್ಲಿ ಉರಿಯುವುದೂ ಅದೇ. ನೆಲದೊಳಗಿನ ಒತ್ತಡಕ್ಕೆ ಅದು ನೀರಿನಲ್ಲಿ ಕರಗಿ ಕೂತಿರುತ್ತದೆ. ನೀರು ಮೇಲೆ ಬಂದ ಕೂಡಲೇ ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ ಗುಳ್ಳೆಯಾಗಿ ಹೊರಬೀಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಅವಳು ತಣ್ಣನೆಯ ಸ್ಟೀಲ್ ತಟ್ಟೆಯೊಂದನ್ನು ಒರೆಸಿ, ಉರಿಯ ಮೇಲೆ ಒಂದು ಕ್ಷಣ ಹಿಡಿದು ತೋರಿಸಿದಳು. ತಟ್ಟೆಯ ತಳಕ್ಕೆ ಇಬ್ಬನಿಯಂತೆ ನೀರು ಕೂತಿತ್ತು. ಮೀಥೇನ್‌ನಲ್ಲೂ ಜಲಜನಕವಿದೆ, ಅದು ಉರಿದಾಗ ಹುಟ್ಟಿದ ಹೊಸ ನೀರು ಇದು ಎಂದಳು. ಫಜಲುಲ್ಲಾ ಅದನ್ನು ಬೆರಳಿನಿಂದ ಮುಟ್ಟಿ ನೋಡಿದ.

ಹೋಗುವಾಗ ಅವಳು ಒತ್ತಿ ಹೇಳಿದ್ದು ಒಂದೇ ಮಾತು. ಬಚ್ಚಲಿಗೆ ಬರುವ ನೇರ ಪೈಪನ್ನು ಮುಚ್ಚಿಬಿಡಬೇಕು. ನೀರು ಮೊದಲು ಮೇಲಿನ ಟ್ಯಾಂಕಿಗೆ ಎತ್ತರದಿಂದ ಬೀಳಲಿ, ಟ್ಯಾಂಕಿನ ಮುಚ್ಚಳ ತೆರೆದಿರಲಿ, ಗ್ಯಾಸು ಬಯಲಿಗೆ ಹಾರಿಹೋಗುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ತುಂಬಿಕೊಂಡರೆ ಒಂದು ಕಿಡಿ ಸಾಕು. ಅವನು ಅವತ್ತೇ ವಾಲ್ವ್ ತಿರುಗಿಸಿ ನೇರ ಪೈಪು ಬಂದ್ ಮಾಡಿದ.

ಮಾರನೆಯ ದಿನ ನಲ್ಲಿಗೆ ಕಡ್ಡಿ ಗೀರಿದರೆ ಬೆಂಕಿ ಬರಲಿಲ್ಲ. ನೋಡಲು ಬಂದವರು ಕೂರದೆ ಹೊರಟರು. ಇದೆಲ್ಲ ಸುಳ್ಳು ಎಂದು ಒಬ್ಬ ಗೇಟಿನ ಹತ್ತಿರ ಅಂದದ್ದು ಒಳಗೆ ಕೇಳಿಸಿತು. ಎರಡು ದಿನಕ್ಕೆ ಓಣಿ ಮೊದಲಿನಂತಾಯಿತು.

ಆಗ ಫಿರ್ದೌಸ್‌ಳ ಫೋನು ಬಂತು. ಹರಿಹರದಲ್ಲೂ ಎಲ್ಲರ ಮೊಬೈಲಿನಲ್ಲಿ ಆ ವಿಡಿಯೋ ಓಡಾಡುತ್ತಿದೆ, ಅತ್ತೆ ನೋಡಲೇಬೇಕೆಂದು ಹಠ ಹಿಡಿದಿದ್ದಾರೆ, ಭಾನುವಾರ ಎಲ್ಲರೂ ಬರುತ್ತೇವೆ, ಊಟಕ್ಕೂ ಇರುತ್ತೇವೆ ಎಂದಳು. ಉರಿ ನಿಂತುಹೋಗಿದೆ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಬರ್ರಿ ಎಂದಷ್ಟೇ ಹೇಳಿ ಫೋನಿಟ್ಟ.

ಭಾನುವಾರ ಬೆಳಿಗ್ಗೆ ಬಿರಿಯಾನಿಗೆ ಅಕ್ಕಿ ನೆನೆಹಾಕಿ, ಅವನು ಹಿತ್ತಲಿಗೆ ಹೋಗಿ ವಾಲ್ವನ್ನು ಮತ್ತೆ ತೆರೆದ. ಗಾಳಿಗೆ ಉರಿ ಆರಬಾರದೆಂದು ಬಚ್ಚಲಿನ ಕಿಟಕಿ ಹಾಕಿದ. ಇವತ್ತೊಂದು ದಿನ ಎಂದುಕೊಂಡ.

ಅವರು ಬಂದರು. ಮನೆ ತುಂಬಿತು. ಫಿರ್ದೌಸ್ ಬಂದವಳೇ ಅಡುಗೆಮನೆಗೆ ಹೋಗಿ, ಯಾವ ಡಬ್ಬಿಯಲ್ಲಿ ಏನಿದೆ ಎಂದು ಕೇಳದೆಯೇ ಈರುಳ್ಳಿ ಹೆಚ್ಚತೊಡಗಿದಳು. ಅವಳ ಬೆನ್ನನ್ನು ನೋಡುತ್ತ ಫಜಲುಲ್ಲಾ ಬಾಗಿಲಲ್ಲಿ ನಿಂತಿದ್ದ. ಬಿರಿಯಾನಿ ಬೆಂದ ಮೇಲೆ ಅತ್ತೆ ಬೆಂಕಿ ತೋರಿಸಿ ಎಂದಾಗ ಮೋಟಾರು ಹಾಕಿ ನಲ್ಲಿ ಬಿಟ್ಟ. ಮುದುಕಿ ಮಂಡಿ ಹಿಡಿದು ಎದ್ದು ಬರುವಷ್ಟರಲ್ಲಿ ನಲ್ಲಿ ಬಹಳ ಹೊತ್ತು ಸುರಿದಿತ್ತು. ಅತ್ತೆಗೆ ಕಾಣಲೆಂದು ಫಿರ್ದೌಸ್ ತಾನೇ ಮುಂದೆ ಹೋಗಿ ಕಡ್ಡಿ ಗೀರಿದಳು.

ಧಪ್ಪೆಂದು ಸದ್ದಾಯಿತು. ಬಚ್ಚಲು ತುಂಬ ಒಂದು ಸಲ ಬೆಳಕಾಗಿ ಹೋಯಿತು. ಇಜಾಜ್ ಅವಳನ್ನು ಹೊರಗೆಳೆದು ಉರಿಯುತ್ತಿದ್ದ ದುಪಟ್ಟಾ ಕಿತ್ತೆಸೆದ. ಫಜಲುಲ್ಲಾ ಓಡಿಹೋಗಿ ಮೋಟಾರು ಆರಿಸಿದ. ಮಗಳ ಹುಬ್ಬು ಸೀದಿತ್ತು, ಬಲಗೈ ಮೊಣಕೈವರೆಗೆ ಬೆಂದಿತ್ತು. ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ಆಳವಾದ ಗಾಯವಲ್ಲ, ಕಣ್ಣಿಗೇನೂ ಆಗಿಲ್ಲ ಎಂದರು ಡಾಕ್ಟರು.

ಆಸ್ಪತ್ರೆಯ ಬೆಂಚಿನ ಮೇಲೆ ಅವನು ಎಲ್ಲವನ್ನೂ ಹೇಳಿಬಿಟ್ಟ. ಸ್ವಾತಿ ಮೇಡಂ ಹೇಳಿದ್ದನ್ನೂ, ತಾನು ವಾಲ್ವ್ ತೆರೆದದ್ದನ್ನೂ. ಇಜಾಜ್ ಎದ್ದು ದೂರ ಹೋಗಿ ನಿಂತ. ಫಿರ್ದೌಸ್ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು.

“ಗೊತ್ತಿದ್ದೂ ಯಾಕ ಬಿಟ್ರಿ ಅಬ್ಬಾ?”

“ಅದಿಲ್ಲಾಂದ್ರ ನೀವು ಬರೋದಿಲ್ಲಂತ.”

“ಸುಮ್ನ ಬಾ ಅಂದಿದ್ರೂ ಬರ್ತಿದ್ದೆ.”

ಅವನು ತಲೆಯಾಡಿಸಿದ. ಈ ಸಲದ ರಂಜಾನಿಗೂ ಕರೆದಿದ್ದ, ಜೈನಾಬಿಯ ವರ್ಷದ ಫಾತಿಹಾ ಪ್ರಾರ್ಥನೆಗೂ ಕರೆದಿದ್ದ, ಎರಡಕ್ಕೂ ಅವಳು ಬಂದಿರಲಿಲ್ಲ. ಅವಳಿಗೂ ನೆನಪಾಯಿತೋ ಏನೋ, ಮುಖ ಆ ಕಡೆ ತಿರುಗಿಸಿದಳು. ಸಂಜೆ ಅವರು ಹರಿಹರಕ್ಕೆ ಹೋದರು. ಬಿರಿಯಾನಿ ಮುಟ್ಟದೆ ಹಾಗೆಯೇ ಉಳಿದಿತ್ತು. ಅರ್ಧ ಓಣಿಯ ನಾಯಿಗಳಿಗೆ ಹೋಯಿತು.

ಮರುದಿನ ಅವನು ನೇರ ಪೈಪನ್ನು ಕತ್ತರಿಸಿ ಅದರ ಬಾಯಿಗೆ ಡಮ್ಮಿ ಮುಚ್ಚಳ ಹಾಕಿದ. ಬೋರಿನ ಬಾಯಿಗೆ ಛಾವಣಿಗಿಂತ ಎತ್ತರದ ಗಾಳಿಕೊಳವೆ ನಿಲ್ಲಿಸಿದ. ಬಚ್ಚಲಿನ ಕಿಟಕಿಯ ಬಾಗಿಲನ್ನೇ ಕಿತ್ತು ಜಾಲರಿ ಬಡಿದ. ನೀರು ಎಲ್ಲರ ಮನೆಯ ನೀರಿನಂತಾಯಿತು, ಮತ್ತೆ ಯಾರೂ ನೋಡಲು ಬರಲಿಲ್ಲ.

ಪಟ್ಟಿ ಬಿಚ್ಚಿದರು ಎಂದು ತಿಳಿದ ದಿನ ಅವನು ಹರಿಹರದ ಬಸ್ಸು ಹತ್ತಿದ. ಫಿರ್ದೌಸ್ ತೋಳು ಚಾಚಿ ಗುಲಾಬಿ ಬಣ್ಣದ ಹೊಸ ಚರ್ಮ ತೋರಿಸಿದಳು, ಊಟಕ್ಕೆ ಬಡಿಸಿದಳು. ಇಜಾಜ್ ಕೂಡ್ರಿ ಮಾಮು ಎಂದು ಕುರ್ಚಿ ಎಳೆದು, ಗಿರಾಕಿ ಬಂದರೆಂದು ಅಂಗಡಿಗೆ ಹೋದ. ಅತ್ತೆ ಒಳಕೋಣೆಯಿಂದ ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮಗಳೂ ಹೊಲಿಗೆಗೆ ಕೂತಳು. ಫಜಲುಲ್ಲಾ ಮಿಷನ್ನಿನ ಸದ್ದು ಕೇಳುತ್ತ ಕೂತಿದ್ದ. ಬಿಸಿಲು ಇಳಿದ ಮೇಲೆ ಬರ್ತೀನಿ ಎಂದು ಎದ್ದ.

ಈಗಲೂ ಕೆಲವು ಶುಕ್ರವಾರ ನಮಾಜು ಮುಗಿಸಿ ಅವನು ಹಾಗೆ ಹೋಗಿ ಬರುತ್ತಾನೆ. ಅಲ್ಲಿ ಮಾತು ಹೆಚ್ಚಿಲ್ಲ. ಮಗಳು ಚಹಾ ಕೊಟ್ಟು ಕೆಲಸ ಮುಂದುವರಿಸುತ್ತಾಳೆ, ಅವನು ಕುಡಿದು ಲೋಟವನ್ನು ತಾನೇ ತೊಳೆದಿಡುತ್ತಾನೆ.